ಹೊಲಕ್ಕೆ ಹಳದಿ ಬಿದ್ದರೆ ಏನು? ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸೀಮೆಯ ಭೂಮಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದಲ್ಲಿ ಕಚೇರಿ ಮುಂದಿನ ಚಹಾದಂಗಡಿಯಲ್ಲಿ ಕೂತರೂ, ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತರೂ, ಬ್ಯಾಡಗಿಯ ಮೆಣಸಿನಕಾಯಿ ಪ್ಯಾಟಿಗೆ ಹೋದರೂ ಮಾತು ಮಳೆಯಿಂದ ಶುರುವಾಗಿ ಭೂಮಿ ರೇಟಿಗೆ ಬಂದು ನಿಲ್ಲುತ್ತದೆ. ಅಲ್ಲಿ ಕಿವಿಗೆ ಬಿದ್ದ ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಉತ್ತರ ನನ್ನದು. ಕಾನೂನಿನ ಮಾತಿನ ನಡುವೆ ನನ್ನ ಅಭಿಪ್ರಾಯವೂ ನುಸುಳಿದೆ, ಅದನ್ನು ಬೇರೆ ಮಾಡಿ ಓದಿಕೊಳ್ಳುವಷ್ಟು ಜಾಣರು ನೀವು.

“ನಮ್ಮ ಹೊಲ ಯೆಲ್ಲೋದಾಗ ಬಂದೈತಿ ಅಂತಾರ. ಇನ್ನ ಬಿತ್ತಂಗಿಲ್ಲೇನು?”

ಧಾರಾಳವಾಗಿ ಬಿತ್ತಿ. ಹಳದಿ ಅಂದರೆ ಮುಂದೆ ಆ ಜಾಗದಲ್ಲಿ ಮನೆ ಕಟ್ಟಲು ಅನುಮತಿ ಕೇಳಿದರೆ ಕೊಡಬಹುದು ಎಂದು ಮಾಸ್ಟರ್ ಪ್ಲಾನ್, ಅಂದರೆ ಯಾವ ಜಾಗ ಯಾವ ಬಳಕೆಗೆ ಎಂದು ಬಣ್ಣ ಹಚ್ಚಿ ತೋರಿಸುವ ಮಹಾಯೋಜನೆಯ ನಕ್ಷೆ, ಹೇಳುವ ಮಾತು ಅಷ್ಟೇ. ನೀಲಿ ವಾಣಿಜ್ಯಕ್ಕೆ, ನೇರಳೆ ಕಾರ್ಖಾನೆಗೆ, ಕೆಂಪು ಸಾಲಿ-ದವಾಖಾನೆಯಂಥ ಸಾರ್ವಜನಿಕ ಬಳಕೆಗೆ, ಹಸಿರು ಉದ್ಯಾನ ಮತ್ತು ಬಯಲಿಗೆ. ಜನ ‘ಗ್ರೀನ್ ಬೆಲ್ಟ್’ ಅನ್ನುವುದು ಹೆಚ್ಚಾಗಿ ಕೃಷಿ ವಲಯವನ್ನು.

ಬಣ್ಣ ಬದಲಾದ ಮಾತ್ರಕ್ಕೆ ಉತಾರ, ಅಂದರೆ ಪಹಣಿ, ಬದಲಾಗುವುದಿಲ್ಲ. ಅದರಲ್ಲಿ ನಿಮ್ಮ ಹೊಲ ಹೊಲವೇ. ಬದಲಾಗುವುದು ರೇಟು, ಮತ್ತು ಮನೆಗೆ ಬಂದು ಹೋಗುವವರು. ಮೊದಲು ಏಜೆಂಟರು ಬರುತ್ತಾರೆ, ಹಿಂದೆಯೇ ಇಪ್ಪತ್ತು ವರ್ಷ ಮುಖ ತೋರಿಸದ ದಾಯಾದಿಗಳು. ವಾಟ್ನಿ, ಅಂದರೆ ಪಾಲು, ಆಗದ ಹೊಲಕ್ಕೆ ಹಳದಿ ಬಿದ್ದರೆ ಮೊದಲ ಬೆಳೆ ಜಗಳದ್ದು.

ಈ ಬಣ್ಣ ಹಚ್ಚುವವರು ಯಾರು?

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದು, ಜಾರಿಗೆ ಬಂದದ್ದು 1965ರ ಜನವರಿಯಲ್ಲಿ. ಅದರ ಪ್ರಕಾರ ಪ್ರತಿ ಯೋಜನಾ ಪ್ರದೇಶಕ್ಕೂ ಒಂದು ಪ್ರಾಧಿಕಾರ ಇರುತ್ತದೆ. ಅವಳಿ ನಗರಕ್ಕೆ ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ, ಜನರ ಬಾಯಲ್ಲಿ ‘ಹುಡಾ’. ಗದಗ-ಬೆಟಗೇರಿಗೆ ಬೇರೆ. ಪ್ರಾಧಿಕಾರ ನಕ್ಷೆ ತಯಾರಿಸುತ್ತದೆ, ಸರ್ಕಾರ ತಾತ್ಕಾಲಿಕ ಒಪ್ಪಿಗೆ ಕೊಟ್ಟ ಮೇಲೆ ಅದನ್ನು ಪ್ರಕಟಿಸಿ 60 ದಿನ ಸಾರ್ವಜನಿಕರ ಅಭಿಪ್ರಾಯ ಕೇಳುತ್ತಾರೆ, ಆಮೇಲೆ ಅಂತಿಮ. ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕೆಂಬ ನಿಯಮವಿದೆ.

ಈ ಕಾಯ್ದೆಗೂ ಮೊದಲು ನಮ್ಮ ಕಡೆ ನಡೆದದ್ದು ಮುಂಬೈಯ ಕಾನೂನು. ಮುಂಬೈ ಪ್ರಾಂತ್ಯದ ನಗರ ಯೋಜನಾ ಕಾಯ್ದೆ 1915ರದು. ಮೈಸೂರು ಸೀಮೆಯವರು ‘ಪಹಣಿ’ ಅಂದಾಗ ನಾವು ‘ಉತಾರ’ ಅನ್ನುವುದು, ಹೊಲವನ್ನು ಕೃಷಿಯೇತರ ಬಳಕೆಗೆ ಬದಲಿಸುವ ಭೂ ಪರಿವರ್ತನೆಗೆ ಇಂದಿಗೂ ‘ಎನ್ಎ’ ಅನ್ನುವುದು, ಊರೊಳಗಿನ ಜಾಗಕ್ಕೆ ಸಿಟಿ ಸರ್ವೇ ನಂಬರು ಇರುವುದು ಎಲ್ಲ ಆ ಕಾಲದ ಉಳಿಕೆ.

ಪ್ರಾದೇಶಿಕ ಯೋಜನೆ ಅಂದರೆ ಮಾಸ್ಟರ್ ಪ್ಲಾನೇ ಅಲ್ಲವೇ?

ಅಲ್ಲ. ಮಾಸ್ಟರ್ ಪ್ಲಾನ್ ಒಂದು ನಗರ ಮತ್ತು ಅದರ ಸೆರಗಿನ ಹಳ್ಳಿಗಳಿಗೆ ನಿಲ್ಲುತ್ತದೆ. ಆದರೆ ಧಾರವಾಡದ ನಲ್ಲಿಯ ನೀರು ಸವದತ್ತಿಯ ಮಲಪ್ರಭೆಯಿಂದ ಬರುತ್ತದೆ. ಹುಬ್ಬಳ್ಳಿಯ ಕಟ್ಟಡದ ಜಲ್ಲಿ ಎಲ್ಲಿಯದೋ ಗುಡ್ಡದ್ದು. ಕೂಲಿಗೆ ಬರುವವರು ಕುಂದಗೋಳ, ಕಲಘಟಗಿ, ಶಿಗ್ಗಾವಿಯವರು. ಇದಿಷ್ಟನ್ನೂ ಒಂದೇ ಹಾಳೆಯ ಮೇಲೆ ಇಟ್ಟು, ಯಾವ ಭೂಮಿ ಯಾವುದಕ್ಕೆ, ಯಾವುದನ್ನು ಮುಟ್ಟಲೇಬಾರದು ಎಂದು ತೂಗುವುದು ಪ್ರಾದೇಶಿಕ ಯೋಜನೆ.

ಇದಕ್ಕೆ ಸಂವಿಧಾನದಲ್ಲೇ ಜಾಗ ಇದೆ. 74ನೇ ತಿದ್ದುಪಡಿಯ ನಂತರ ಪ್ರತಿ ಜಿಲ್ಲೆಗೂ ಜಿಲ್ಲಾ ಯೋಜನಾ ಸಮಿತಿ ಇರಬೇಕು. ಪಂಚಾಯತಿಗಳ ಮತ್ತು ನಗರಸಭೆಗಳ ಯೋಜನೆಗಳನ್ನು ಒಟ್ಟು ಮಾಡುವಾಗ ನೀರಿನ ಹಂಚಿಕೆ, ಭೂಮಿಯ ಬಳಕೆ, ಪರಿಸರ ನೋಡಬೇಕು ಎಂದು 243ಝಡ್‌ಡಿ ವಿಧಿ ಹೇಳುತ್ತದೆ. ಹತ್ತು ಲಕ್ಷ ಮೀರಿದ ಮಹಾನಗರ ಪ್ರದೇಶಕ್ಕೆ ಇನ್ನೊಂದು ಸಮಿತಿ. 2011ರ ಜನಗಣತಿಯಲ್ಲಿ ನಮ್ಮ ಪಾಲಿಕೆಯ ಜನಸಂಖ್ಯೆ 9.43 ಲಕ್ಷ. ಹೊಸ್ತಿಲಲ್ಲೇ ನಿಂತೆವು.

1962ರಲ್ಲಿ ಎರಡು ಊರು ಸೇರಿಸಿ ಒಂದು ಪಾಲಿಕೆ ಮಾಡಿದರು. 2025ರ ಆರಂಭದಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಎಂದು ಸಚಿವ ಸಂಪುಟ ತೀರ್ಮಾನಿಸಿತು. ಪಾಲಿಕೆ ಒಂದಿರಲಿ ಎರಡಿರಲಿ, ನಡುವಿನ ಭೂಮಿಯನ್ನು ಸೀಳಿ ಇಡಲು ಆಗುವುದಿಲ್ಲ. ನವಲೂರಿನ ಪೇರಲ ತೋಟ ಹುಬ್ಬಳ್ಳಿಗೆ ಹೋಗುವ ಹಾದಿಯಲ್ಲೂ ಇದೆ, ಧಾರವಾಡಕ್ಕೆ ಹೋಗುವ ಹಾದಿಯಲ್ಲೂ ಇದೆ. ಅದಕ್ಕೇ ಅದರ ಮೇಲೆ ಎರಡೂ ಊರಿನ ಕಣ್ಣು.

“ಎರಿ ಆದ್ರೇನು, ಮಸಾರಿ ಆದ್ರೇನು, ಪ್ಲಾಟ್ ಪ್ಲಾಟೇ ಅಲ್ರಿ?”

ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು. ಎರಿ ಅಂದರೆ ಕಪ್ಪು ಮಣ್ಣು, ಮಸಾರಿ ಅಂದರೆ ಕೆಂಪು ಮಣ್ಣು.

ಧಾರವಾಡ ನಿಂತಿರುವುದೇ ಒಂದು ಗಡಿಯ ಮೇಲೆ. ಪಡುವಣಕ್ಕೆ ಕೆಲಗೇರಿ ದಾಟಿ ಅಳ್ನಾವರದ ಕಡೆ ಹೊರಟರೆ ಮಲೆನಾಡಿನ ಸೆರಗು: ಕೆಂಪು ಮಣ್ಣು, ಮಾವು, ಭತ್ತ. ಮೂಡಣಕ್ಕೆ ನವಲಗುಂದ, ಅಣ್ಣಿಗೇರಿ, ಗದಗ, ರೋಣದ ಕಡೆ ಬೆಳವಲ: ಕಣ್ಣು ಹಾಯುವವರೆಗೆ ಎರಿ. ಮುಂಗಾರಿನಲ್ಲಿ ಕುಡಿದ ನೀರನ್ನು ಆಳವಾದ ಎರಿ ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಹಸ್ತ, ಚಿತ್ತಿ ಮಳೆಗೆ ಬಿತ್ತಿದ ಬಿಳಿಜೋಳ, ಕಡ್ಲಿ, ಕುಸುಬಿ ಆಮೇಲೆ ಹನಿ ಬೀಳದಿದ್ದರೂ ಆ ಹಸಿಯ ಮೇಲೇ ಬೆಳೆಯುತ್ತವೆ. ಎಳ್ಳ ಅಮಾಸಿಗೆ ಚರಗ ಚೆಲ್ಲಲು ಹೋದಾಗ ಎದೆಯುದ್ದ ನಿಂತ ಜೋಳಕ್ಕೆ ನೀರು ಹಾಯಿಸಿದವರು ಯಾರೂ ಇರುವುದಿಲ್ಲ. ಬೋರು ಬೇಡ, ಕಾಲುವೆ ಬೇಡ. ಮಣ್ಣೇ ಕೆರೆ.

ಈಗ ಉತಾರ ತೆಗೆದು ನೋಡಿ. ಅದೇ ಭೂಮಿಗೆ ‘ಖುಷ್ಕಿ’ ಎಂದು ಬರೆದಿರುತ್ತಾರೆ. ಖುಷ್ಕಿ ಅಂದರೆ ಒಣ. ನಕ್ಷೆ ಮಾಡುವವರಿಗೂ, ಭೂಸ್ವಾಧೀನ ಮಾಡುವವರಿಗೂ, ಕಂಪನಿಗೆ ಜಾಗ ತೋರಿಸುವವರಿಗೂ ಆ ಒಂದು ಶಬ್ದ ಸಾಕಾಗುತ್ತದೆ: ನೀರಾವರಿ ಇಲ್ಲದ ಭೂಮಿ, ತೆಗೆದುಕೊಂಡರೆ ನಷ್ಟವಿಲ್ಲ. ಮಸಾರಿಯ ಕಲ್ಲು ಗುಡ್ಡೆಯೂ ಖುಷ್ಕಿ, ಹದಿನೈದು ಅಡಿ ಆಳದ ಎರಿಯೂ ಖುಷ್ಕಿ. ಈ ಸೀಮೆಯ ಭೂಬಳಕೆಯ ಎಡವಟ್ಟಿನಲ್ಲಿ ಅರ್ಧ ಈ ಶಬ್ದದಿಂದಲೇ ಹುಟ್ಟುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ತಮಾಷೆಯೆಂದರೆ ಕಟ್ಟಡಕ್ಕೆ ಎರಿ ಒಳ್ಳೆಯದೂ ಅಲ್ಲ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಪಾಯಕ್ಕೆ ಎರಡರಷ್ಟು ಖರ್ಚು ಮಾಡಿದರೂ ಗೋಡೆ ಸೀಳು ಬಿಡುವುದನ್ನು ನೋಡಿದ್ದೇವೆ. ಮನೆಗೆ ಗಟ್ಟಿ ಮಸಾರಿ, ಬೆಳೆಗೆ ಎರಿ ಎಂದು ಹಿರಿಯರು ಊರು ಕಟ್ಟುವಾಗ ನೋಡಿದ್ದನ್ನು ನಾವು ಹೈವೇದಿಂದ ಎಷ್ಟು ಕಿಲೋಮೀಟರ್ ಎಂಬ ಒಂದೇ ಲೆಕ್ಕಕ್ಕೆ ಇಳಿಸಿದ್ದೇವೆ.

ಎನ್ಎ ಮಾಡಿಸುವುದು ಹೇಗೆ?

1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಗೆ ಅರ್ಜಿ, ಈಗ ಆನ್‌ಲೈನಿನಲ್ಲೇ. ಕೇಳುವ ಬಳಕೆ ಮಹಾಯೋಜನೆಯ ಬಣ್ಣಕ್ಕೆ ಹೊಂದಿದರೆ ದಾರಿ ಸಲೀಸು. ಹೊಂದದಿದ್ದರೆ ಮೊದಲು ಬಣ್ಣ ಬದಲಾಗಬೇಕು, ಅದು ಪ್ರಾಧಿಕಾರ ಮತ್ತು ಸರ್ಕಾರದ ಮಟ್ಟದ ಬೇರೆ ಪ್ರಕ್ರಿಯೆ, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಮಾಡುವಂಥದ್ದು. ಹಾಗೆ ಒಂದೊಂದೇ ಸರ್ವೇ ನಂಬರಿನ ಬಣ್ಣ ಬದಲಾಗುತ್ತ ಹೋದರೆ ಹತ್ತು ವರ್ಷದ ಯೋಜನೆ ತೇಪೆ ಹಚ್ಚಿದ ಕೌದಿಯಾಗುತ್ತದೆ. ಕೌದಿಗಾದರೂ ಒಂದು ಅಂದ ಇರುತ್ತದೆ ಅನ್ನಿ.

“ಅಣ್ಣಾರ, ಗುಂಟೆ ಪ್ಲಾಟ್ ಸೋವಿ ಸಿಗತೈತಿ. ತಗೋಬೇಕೋ ಬ್ಯಾಡೋ?”

ಬ್ಯಾಡ. ಗುಂಟೆ ಪ್ಲಾಟ್ ಅಂದರೆ ಲೇಔಟ್ ಮಂಜೂರಾತಿ ಇಲ್ಲದೆ ಹೊಲವನ್ನು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಮಾರುವ ಜಾಗ. ಆದರೆ ಯಾಕೆ ಸೋವಿ ಎಂಬುದು ಗೊತ್ತಿರಲಿ.

ಎಕರೆಗೆ 40 ಗುಂಟೆ, ಗುಂಟೆಗೆ 33 ಅಡಿ ಉದ್ದ 33 ಅಡಿ ಅಗಲ, ಅಂದರೆ 1,089 ಚದರ ಅಡಿ. ಅನುಮೋದನೆ ಪಡೆದ ಲೇಔಟಿನಲ್ಲಿ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಎಲ್ಲ ಬಿಟ್ಟರೆ ಮಾರಲು ಉಳಿಯುವುದು ಹೆಚ್ಚು ಕಡಿಮೆ ಅರ್ಧ. 22 ಗುಂಟೆ ಉಳಿಯಿತು ಅಂದುಕೊಳ್ಳಿ, 30-40ರ ನಿವೇಶನ ಇಪ್ಪತ್ತರ ಸುಮಾರು. ಗುಂಟೆ ಪ್ಲಾಟಿನವನು ಬಂಡಿ ಹೋಗುವಷ್ಟು ದಾರಿ ಬಿಟ್ಟು 33 ಗುಂಟೆ ಮಾರಿದರೆ ಅದೇ ಎಕರೆಯಲ್ಲಿ ಮೂವತ್ತು ಮನೆ. ಹೆಚ್ಚಾದ ಹತ್ತು ಪ್ಲಾಟಿನ ದುಡ್ಡು ಅವನದು. ಇಲ್ಲದ ಗಟಾರ, ಇಲ್ಲದ ಬಯಲು, ಮಳೆ ಬಂದಾಗ ಮನೆಯೊಳಗೆ ಬರುವ ನೀರು ನಿಮ್ಮದು.

ಕಾಗದದ ತೊಂದರೆ ಬೇರೆ. ಎನ್ಎ ಇಲ್ಲ, ಲೇಔಟ್ ಮಂಜೂರಾತಿ ಇಲ್ಲ, ಬ್ಯಾಂಕಿನವರು ಸಾಲ ಕೊಡುವುದಿಲ್ಲ. 2025ರಲ್ಲಿ ಇಂಥ ಸ್ವತ್ತುಗಳಿಗೆ ಬಿ-ಖಾತೆ ಕೊಡುವ ಅಭಿಯಾನ ನಡೆದಾಗ ಜನ ‘ಸಕ್ರಮ ಆತು’ ಎಂದು ಪೇಢೆ ಹಂಚಿದ್ದೂ ಉಂಟು. ಬಿ-ಖಾತೆ ತೆರಿಗೆ ಕಟ್ಟುವ ದಾರಿ, ಅಕ್ರಮ ಬಡಾವಣೆಯನ್ನು ಅದು ಸಕ್ರಮ ಮಾಡುವುದಿಲ್ಲ. ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ಹಾಗಂತ ಕೊಂಡವರನ್ನೇ ಬೈಯುವುದು ನನಗೆ ಒಗ್ಗುವುದಿಲ್ಲ. ಗಾರೆ ಕೆಲಸದವರು, ಹಮಾಲರು, ಅಂಗಡಿಯಲ್ಲಿ ದುಡಿಯುವವರು ಮಂಜೂರಾದ ಲೇಔಟಿನಲ್ಲಿ ನಿವೇಶನ ಕೊಳ್ಳುವ ರೇಟು ಊರಿನಲ್ಲಿ ಎಲ್ಲಿದೆ? ಬಡವರ ಮನೆಗೆ ಬೇಕಾದ ಭೂಮಿಯನ್ನು ಯೋಜನೆಯಲ್ಲೇ ಗುರುತಿಸದಿದ್ದರೆ ಗುಂಟೆ ಪ್ಲಾಟಿನವನು ಗುರುತಿಸುತ್ತಾನೆ.

2020ರಲ್ಲಿ ಕಾನೂನು ಬದಲಾಯಿತಲ್ಲ, ಈಗ ಯಾರು ಬೇಕಾದರೂ ಹೊಲ ಕೊಳ್ಳಬಹುದೇ?

ಕೊಳ್ಳಬಹುದು. ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಕೃಷಿಕರಲ್ಲದವರು ಮತ್ತು ಹೆಚ್ಚಿನ ಆದಾಯದವರು ಕೃಷಿ ಭೂಮಿ ಕೊಳ್ಳದಂತೆ ತಡೆದಿದ್ದವು. 2020ರ ತಿದ್ದುಪಡಿ ಅವನ್ನು ತೆಗೆಯಿತು. ಆದರೆ ಹೊಲ ಕೊಂಡರೂ ಅದು ಹೊಲವೇ, ಕಟ್ಟಡಕ್ಕೆ ಎನ್ಎ ಬೇಕೇ ಬೇಕು. ಮಾರಿದ ರೈತನಿಗೆ ಒಳ್ಳೆಯ ರೇಟು ಸಿಕ್ಕಿತು ಎನ್ನುವವರೂ ಇದ್ದಾರೆ, ಪಕ್ಕದ ರೈತ ಇನ್ನೆರಡು ಎಕರೆ ಕೊಳ್ಳುವ ಆಸೆ ಬಿಟ್ಟ ಎನ್ನುವವರೂ ಇದ್ದಾರೆ. ಎರಡೂ ನಿಜ.

“ಕಾರ್ಖಾನೆ ಬಂದ್ರ ಹುಡುಗರಿಗೆ ನೌಕರಿ ಸಿಗತೈತಿ. ನೀವು ಯಾಕ ಅಡ್ಡಗಾಲ ಹಾಕ್ತೀರಿ?”

ಹಾಕುವುದಿಲ್ಲ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ದುಡಿದು ಮನೆ ಕಟ್ಟಿದವರು ನಮ್ಮ ನಡುವೆಯೇ ಇದ್ದಾರೆ. ಕಾರ್ಖಾನೆಗೆ ಯಾವ ಭೂಮಿ, ಎಷ್ಟು ಭೂಮಿ ಎಂಬುದಷ್ಟೇ ನನ್ನ ತಕರಾರು.

ಗದಗ ಜಿಲ್ಲೆಯವರಿಗೆ ಇದರ ನೆನಪು ಮಾಸಿಲ್ಲ. 2010ರ ಜೂನ್‌ನಲ್ಲಿ ಬೆಂಗಳೂರಿನ ಹೂಡಿಕೆದಾರರ ಸಮಾವೇಶದಲ್ಲಿ ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿ ವರ್ಷಕ್ಕೆ 60 ಲಕ್ಷ ಟನ್ ಉಕ್ಕು ತಯಾರಿಸುವ ಕಾರ್ಖಾನೆಗೆ ಒಪ್ಪಂದ ಮಾಡಿಕೊಂಡಿತು. ಗುರುತಿಸಿದ್ದು ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಸುತ್ತಿನ ಮೂರು ಸಾವಿರಕ್ಕೂ ಹೆಚ್ಚು ಎಕರೆ. ರೈತರು ಬೀದಿಗಿಳಿದರು, ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು. 2011ರ ಜುಲೈನಲ್ಲಿ ಸರ್ಕಾರ ಸ್ವಾಧೀನ ಕೈಬಿಟ್ಟಿತು, 2013ರಲ್ಲಿ ಕಂಪನಿ ಯೋಜನೆಯಿಂದಲೇ ಹಿಂದೆ ಸರಿಯಿತು. ಕಾರ್ಖಾನೆಯೂ ಬರಲಿಲ್ಲ, ನೌಕರಿಯೂ ಬರಲಿಲ್ಲ, ರೈತರಿಗಾದದ್ದು ವರ್ಷಗಟ್ಟಲೆ ದುಗುಡ. ಜಿಲ್ಲೆಯ ಮಣ್ಣಿನ ನಕ್ಷೆಯನ್ನು ಮೊದಲೇ ಹಾಸಿ, ಬೆಳೆ ಕಡಿಮೆ ಇರುವ ಜಾಗ ಯಾವುದು ಎಂದು ಊರವರೊಂದಿಗೆ ಕೂತು ಮಾತಾಡಿದ್ದರೆ ಈ ಜಗಳ ಇಷ್ಟು ದೂರ ಹೋಗುತ್ತಿರಲಿಲ್ಲ ಅನಿಸುತ್ತದೆ.

ಕಾನೂನಿನ ಎರಡು ದಾರಿ ಗೊತ್ತಿರಲಿ. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆಯಲ್ಲಿ ಖಾಸಗಿ ಕಂಪನಿಗಾದರೆ ಶೇ. 80, ಸರ್ಕಾರಿ-ಖಾಸಗಿ ಸಹಭಾಗಿತ್ವಕ್ಕಾದರೆ ಶೇ. 70 ಭೂಮಾಲೀಕರ ಒಪ್ಪಿಗೆ ಬೇಕು. ಕೆಐಎಡಿಬಿ, ಅಂದರೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಬಳಸುವುದು 1966ರ ರಾಜ್ಯ ಕಾಯ್ದೆ. ಅಲ್ಲಿ ಈ ಒಪ್ಪಿಗೆಯ ಲೆಕ್ಕವಿಲ್ಲ. 28(1)ರ ಪ್ರಾಥಮಿಕ ಅಧಿಸೂಚನೆಯ ನೋಟಿಸು ಕೈಗೆ ಬಂದರೆ 30 ದಿನದಲ್ಲಿ ಆಕ್ಷೇಪಣೆ ಹಾಕಬೇಕು, 28(4)ರ ಅಂತಿಮ ಅಧಿಸೂಚನೆ ಆದ ಮೇಲೆ ಊರ ಸಭೆ ಸೇರಿಸಿ ಪ್ರಯೋಜನ ಕಡಿಮೆ.

2013ರ ಕಾಯ್ದೆಯ 10ನೇ ಕಲಂ ನೀರಾವರಿಯ ಬಹುಬೆಳೆ ಭೂಮಿಯನ್ನು ಅನಿವಾರ್ಯವಾದರೆ ಮಾತ್ರ ಮುಟ್ಟಬೇಕು ಅನ್ನುತ್ತದೆ. ‘ನೀರಾವರಿ’ ಎಂಬ ಶಬ್ದ ಗಮನಿಸಿ. ನಮ್ಮ ಎರಿಗೆ ಆ ಗಟ್ಟಿ ರಕ್ಷಣೆ ಸಿಗುವುದಿಲ್ಲ. ಮತ್ತೆ ಖುಷ್ಕಿಯ ಕಥೆಯೇ.

ಗದಗ ಜಿಲ್ಲೆಯ ಕಪ್ಪತಗುಡ್ಡ ಅಭಯಾರಣ್ಯ ಆಯಿತು. ಅಂಚಿನ ಹಳ್ಳಿಯವರ ಗತಿ?

ಹೊಲ ಉಳುವುದಕ್ಕೆ ಅಡ್ಡಿಯಿಲ್ಲ. ಬಿಗಿಯಾಗುವುದು ಗಣಿ ಮತ್ತು ಕ್ರಷರು.

ಈ ಗುಡ್ಡ ಕಂಡ ಹಗ್ಗಜಗ್ಗಾಟ ಕಡಿಮೆಯಲ್ಲ. 2015ರ ಡಿಸೆಂಬರಿನಲ್ಲಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದರು, 2016ರ ನವೆಂಬರಿನಲ್ಲಿ ಹಿಂತೆಗೆದುಕೊಂಡರು. ಒಳಗೆ ಚಿನ್ನ, ಮೇಲೆ ಔಷಧಿ ಸಸ್ಯ. 2017ರ ಫೆಬ್ರವರಿಯಲ್ಲಿ ಗದಗಿನಲ್ಲಿ ದೊಡ್ಡ ಧರಣಿ ನಡೆಯಿತು. ಅಲ್ಲೂ ತೋಂಟದ ಸ್ವಾಮಿಗಳು, ಜೊತೆಗೆ ಹೋರಾಟಗಾರ ಎಸ್.ಆರ್. ಹಿರೇಮಠ. ಏಪ್ರಿಲಿನಲ್ಲಿ ಸಂರಕ್ಷಣೆ ಮರಳಿ ಬಂತು. 2019ರಲ್ಲಿ 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು.

“ಫ್ಯಾನ್ ಕಂಪನಿಯವ್ರು, ಸೋಲಾರದವ್ರು ಲೀಸ್ ಕೇಳ್ತಾರ. ಕೊಡೋಣೇನು?”

ಗದಗ ಸೀಮೆಯ ಗಾಳಿಗೆ ಬೆಲೆ ಬಂದಿರುವುದು ಒಳ್ಳೆಯದೇ. ಎರಡಕ್ಕೂ ವ್ಯತ್ಯಾಸವಿದೆ. ಗಾಳಿಯಂತ್ರದ ಕಂಬ ಹಿಡಿಯುವ ಜಾಗ ಸಣ್ಣದು, ಸುತ್ತ ಜೋಳ ಬಿತ್ತಬಹುದು. ಆದರೆ ಕ್ರೇನು ಬರಲು ದಾರಿ ಬೇಕು, ಆ ದಾರಿ ಹೊಲವನ್ನು ಓರೆಯಾಗಿ ಕಡಿದರೆ ಎರಡೂ ಕಡೆ ಕೂರಿಗೆ ತಿರುಗುವುದಿಲ್ಲ, ಮಳೆನೀರಿನ ಹರಿವೂ ಕಟ್ಟುತ್ತದೆ. ಸೋಲಾರ ಫಲಕ ಹೊಲವನ್ನೇ ಮುಚ್ಚುತ್ತದೆ, ಒಂದು ತಲೆಮಾರಿನ ಮಟ್ಟಿಗೆ. ಅದು ಕಲ್ಲು ಮಸಾರಿಗೆ ಹೋಗಲಿ. ಕರಾರಿನಲ್ಲಿ ಎರಡು ಸಾಲು ಹುಡುಕಿ: ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ, ಮುಗಿದ ಮೇಲೆ ಕಾಂಕ್ರೀಟು ಯಾರು ಕಿತ್ತುಕೊಂಡು ಹೋಗಬೇಕು.

ಗಾಯರಾಣ ಖಾಲಿ ಬಿದ್ದಿದೆಯಲ್ಲ, ಅದನ್ನೇ ಸೈಟು ಮಾಡಿದರೆ ಆಗದೇ?

ಗಾಯರಾಣ ಅಂದರೆ ಊರ ದನಕರು ಮೇಯುವ ಸಾಮೂಹಿಕ ಹುಲ್ಲುಗಾವಲು. ಖಾಲಿ ಕಾಣುವುದು ಕಾರಿನಲ್ಲಿ ಹೋಗುವವರಿಗೆ. ಕುರಿಗಾರರನ್ನು ಕೇಳಿ. ನೂರು ದನಕ್ಕೆ 30 ಎಕರೆ ಹುಲ್ಲುಗಾವಲು ಇರಬೇಕು ಎಂದು ಕರ್ನಾಟಕ ಭೂ ಕಂದಾಯ ನಿಯಮವೇ ಹೇಳುತ್ತದೆ. ಊರ ಸಾಮೂಹಿಕ ಭೂಮಿಯ ಅತಿಕ್ರಮಣ ತೆರವು ಮಾಡಬೇಕೆಂದು 2011ರಲ್ಲಿ ಸುಪ್ರೀಂ ಕೋರ್ಟ್ ಪಂಜಾಬಿನ ಒಂದು ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಸೂಚಿಸಿತು. ಆಶ್ರಯ ಮನೆ, ಸ್ಮಶಾನ, ಸಾಲಿ, ಕಸದ ಘಟಕ, ಕರೆಂಟಿನ ಗ್ರಿಡ್ ಎಲ್ಲಕ್ಕೂ ಮೊದಲು ನೆನಪಾಗುವುದು ಗಾಯರಾಣವೇ, ಯಾಕೆಂದರೆ ಪರಿಹಾರ ಕೊಡಬೇಕಿಲ್ಲ.

ಬಯಲನ್ನು ಬೀಳು ಎಂದು ತಿಳಿದು ಮಾಡಿದ ತಪ್ಪಿಗೆ ರಾಣೆಬೆನ್ನೂರು ಸಾಕ್ಷಿ. 1974ರಲ್ಲಿ ಚಿಗರಿಗಳಿಗಾಗಿ, ಅಂದರೆ ಕೃಷ್ಣಮೃಗಗಳಿಗಾಗಿ, 119 ಚದರ ಕಿಲೋಮೀಟರ್ ಅಭಯಾರಣ್ಯ ಮಾಡಿದರು, ಅದೇ ಬಯಲಿನಲ್ಲಿ ನೀಲಗಿರಿಯೂ ಎದ್ದಿತು. ಚಿಗರಿ ಹೇಗೋ ಹೊಂದಿಕೊಂಡಿತು, ಬಯಲನ್ನೇ ನಂಬಿದ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ ಕಣ್ಮರೆಯಾಯಿತು. ಅವಳಿ ನಗರದ ಬಿಆರ್‌ಟಿಎಸ್ ಬಸ್ಸಿಗೆ ‘ಚಿಗರಿ’ ಎಂದು ಹೆಸರಿಟ್ಟು ಪ್ರೀತಿ ತೋರಿಸಿದ್ದೇವೆ, ಅದಿರಲಿ.

ಕೆರೆ, ಹಳ್ಳದ ಜಾಗ ನಕ್ಷೆಯಲ್ಲಿ ಇರುತ್ತದೆಯೇ?

ಕೆರೆ ಇರುತ್ತದೆ. ಕೆರೆಗೆ ನೀರು ತರುವ ಸಣ್ಣ ಸರುವು ಎಷ್ಟೋ ಸಲ ಇರುವುದಿಲ್ಲ. ಅದು ಹಳೆಯ ಗ್ರಾಮ ನಕ್ಷೆಯಲ್ಲಿ ಸಣ್ಣ ಗೆರೆಯಾಗಿ ಉಳಿದಿರುತ್ತದೆ. ಉಣಕಲ್ ಕೆರೆ ತುಂಬಿದ ಮೇಲೆ ಅದರ ನೀರು ನಾಲಾ ಹಿಡಿದು ಹುಬ್ಬಳ್ಳಿಯ ನಡುವೆಯೇ ಇಳಿಯುತ್ತದೆ, ನಾಲಾದ ಅಗಲ ಕದ್ದವರ ಮನೆಗೆ ಮೊದಲು ಬರುತ್ತದೆ. ಬೆಣ್ಣಿಹಳ್ಳ ಹೆಸರಿಗೆ ಹಳ್ಳ, ಉಕ್ಕಿದಾಗ ನವಲಗುಂದ, ರೋಣದ ಎರಿ ಹೊಲಗಳೆಲ್ಲ ಅದರದೇ. ಮೇಲಿನ ಸೀಮೆಯಲ್ಲಿ ಮಣ್ಣಿಗೆ ಕಾಂಕ್ರೀಟು ಮುಚ್ಚಿದಷ್ಟೂ ಕೆಳಗಿನವರ ಹೊಲಕ್ಕೆ ನೀರು ಬೇಗ ಮುಟ್ಟುತ್ತದೆ. ಇದನ್ನು ನಗರದ ನಕ್ಷೆ ನೋಡುವುದಿಲ್ಲ, ನವಲಗುಂದದ ರೈತನಿಗೆ ಹುಬ್ಬಳ್ಳಿಯ ನಕ್ಷೆಗೆ ಆಕ್ಷೇಪಣೆ ಹಾಕಬೇಕು ಎಂದು ತೋಚುವುದೂ ಇಲ್ಲ.

ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ 2024ರಲ್ಲಿ ರಾಮ್ಸಾರ್ ಮನ್ನಣೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ಮನ್ನಣೆ, ಬಂತು. ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಮಲಗುವುದು ಕೆರೆಯಲ್ಲಿ, ಮೇಯುವುದು ಸುತ್ತಿನ ಹೊಲದಲ್ಲಿ. ಕೆರೆಗೆ ಮಾತ್ರ ಬೇಲಿ ಹಾಕಿ ಸುತ್ತ ಪ್ಲಾಟು ಮಾಡಿದರೆ ಹಕ್ಕಿ ಉಪವಾಸ.

ಕಾಲೇಜು, ಕೋರ್ಟು, ಐಐಟಿಗೆ ಭೂಮಿ ಕೊಟ್ಟದ್ದೂ ತಪ್ಪೇ?

ಇಲ್ಲ. ಐಐಟಿ ಚಿಕ್ಕಮಲ್ಲಿಗವಾಡದ ಹತ್ತಿರ ಸುಮಾರು 470 ಎಕರೆಯಲ್ಲಿದೆ. ಸಂಸ್ಥೆ ತಾನು ಹಿಡಿದ ಎಕರೆಯಿಂದ ಅಲ್ಲ, ಹೊರಗಿನ ಎಕರೆಗಳಿಂದ ಊರನ್ನು ಬದಲಿಸುತ್ತದೆ. ಗೇಟಿನ ಎದುರಿನ ಹೊಲ ಮರುವರ್ಷವೇ ಬೋರ್ಡು ಹೊತ್ತು ನಿಲ್ಲುತ್ತದೆ. ಆ ಎರಡನೆಯ ಅಲೆಗೆ ಯೋಜನೆ ಮೊದಲೇ ಇರಬೇಕು.

“ಆಕ್ಷೇಪಣೆ ಬರೀಬೇಕು, ಹ್ಯಾಂಗ ಬರೀಬೇಕು?”

ಸಿಟ್ಟಿನಲ್ಲಿ ನಾಲ್ಕು ಪುಟ ಬರೆಯಬೇಡಿ. ಒಂದೇ ಹಾಳೆ ಸಾಕು. ಸರ್ವೇ ನಂಬರು, ಹಿಸ್ಸಾ ನಂಬರು, ಕರಡು ನಕ್ಷೆಯಲ್ಲಿ ಬಿದ್ದ ಬಣ್ಣ, ನಿಮಗೆ ಬೇಕಾದ ಬಣ್ಣ. ಆಮೇಲೆ ಕಾರಣ: ಮಣ್ಣು ಎಷ್ಟು ಆಳ, ಹಿಂಗಾರಿಗೆ ಏನು ಬೆಳೆ ಬರುತ್ತದೆ, ಯಾವ ಹಳ್ಳ ಎಲ್ಲಿ ಹಾಯುತ್ತದೆ. ಉತಾರದ ಬೆಳೆ ಕಲಂನಲ್ಲಿ ನಿಜವಾದ ಬೆಳೆ ದಾಖಲಾಗಿದೆಯೇ ಎಂದು ಮೊದಲೇ ನೋಡಿಕೊಳ್ಳಿ, ಜೋಳ ಬೆಳೆದ ಹೊಲಕ್ಕೆ ‘ಪಡ’, ಅಂದರೆ ಬೀಳು, ಎಂದು ಬಿದ್ದಿದ್ದರೆ ನಿಮ್ಮ ಮಾತು ನಿಲ್ಲುವುದಿಲ್ಲ. ಗ್ರಾಮ ನಕ್ಷೆಯ ಮೇಲೆ ಹಳ್ಳವನ್ನು ನೀಲಿ ಪೆನ್ನಿನಲ್ಲಿ ಗುರುತು ಮಾಡಿ ಲಗತ್ತಿಸಿ. ಅಕ್ಕಪಕ್ಕದ ಹತ್ತು ಹೊಲದವರು ಒಂದೊಂದು ಅರ್ಜಿ ಬೇರೆ ಬೇರೆಯಾಗಿ ಕೊಡಿ, ಹತ್ತು ಸಹಿಯ ಒಂದು ಅರ್ಜಿ ಒಂದೇ ಎಂದು ಲೆಕ್ಕಕ್ಕೆ ಬರುತ್ತದೆ. ಗ್ರಾಮಸಭೆಯ ಠರಾವು ಸಿಕ್ಕರೆ ಅದೂ ಇರಲಿ.

60 ದಿನದೊಳಗೆ ಖುದ್ದಾಗಿ ಹೋಗಿ ಕೊಡಿ. ಇನ್ನೊಂದು ಪ್ರತಿಯ ಮೇಲೆ ಮುದ್ರೆ, ತಾರೀಖು, ಆವಕ ನಂಬರು ಹಾಕಿಸಿಕೊಂಡು ಉತಾರದ ಜೊತೆಗೇ ಟ್ರಂಕಿನಲ್ಲಿಡಿ.